ಪದಚರ್ಚೆ: ‘ಅನ್‌ಲೈಸೆನ್ಸ್‌ಡ್’ ಕ್ಯಾಸಿನೊಗೆ ಕನ್ನಡ ಬೇಕು, ನಾಳೆಯೊಳಗೆ

ಧಾರವಾಡದಿಂದ:
ನಮ್ಮ ಹಾಸ್ಟೆಲ್ ಗೋಡೆಗೆ ಬೋರ್ಡು ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. ಕೈಗೆ ಕೊಟ್ಟಿರುವ ಕರಡು ಹೀಗಿದೆ: ‘ಪರವಾನಗಿರಹಿತ ಅಂತರ್ಜಾಲ ದ್ಯೂತಗೃಹ ಕ್ರೀಡೆ ಅಪರಾಧ’. ಮೂರಡಿ ಹಲಗೆಗೆ ಇದು ಹಿಡಿಸುವುದಿಲ್ಲ. ಹುಡುಗರು ಓದಿ ನಗುತ್ತಾರೆ. ಸುಮ್ನೆ ‘ಅಕ್ರಮ ಜೂಜು’ ಸಾಕಲ್ವಾ?

ಗದಗದಿಂದ:
ಪರವಾನಗಿ ಪಾರಸಿ, ಮರಾಠಿ ದಾಟಿ ಬಂದದ್ದು. ರಹಿತ ಸಂಸ್ಕೃತ. ಇದು ಅರಿಸಮಾಸಕ್ಕಿಂತ ಕಡೆ. ಜೂಜೂ ದ್ಯೂತದ ತದ್ಭವವೇ. ಹಳಗನ್ನಡದಲ್ಲಿ ‘ನೆತ್ತ’ ಇದೆ, ಪಂಪನ ಭಾನುಮತಿ ಆಡಿದ್ದು ಅದನ್ನೇ. ಆನ್‌ಲೈನಿಗೆ ‘ಮಿನ್’ ಹಚ್ಚಿ ‘ಒಪ್ಪಿಗೆಯಿಲ್ಲದ ಮಿನ್ನೆತ್ತ’ ಅನ್ನಿ, ಮುಗೀತು.

ಹಾವೇರಿಯಿಂದ:
ಮಿನ್ನೆತ್ತ ಅಂದರೆ ತಲೆನೋವಿನ ಎಣ್ಣೆ ಅಂದುಕೊಳ್ಳುತ್ತಾರೆ. ಬಿಡಿ.

ಕೋರ್ಟಿನ ಕಾಗದ ಅನುವಾದ ಮಾಡಿದವನಾಗಿ ಹೇಳುತ್ತೇನೆ. ‘ಪರವಾನಗಿ ಇಲ್ಲದ’ ಅಂದರೆ, ತೆಗೆಸಿದರೆ ಆಡಬಹುದು ಅಂತಾಯಿತು. ‘ಅಕ್ರಮ ಜೂಜು’ ಅಂದರೂ ಸಕ್ರಮದ್ದೊಂದು ಎಲ್ಲೋ ಇದೆ ಅನ್ನಿಸುತ್ತದೆ. ಸಿಕ್ಕಿಂ 2008ರಲ್ಲಿ ಆನ್‌ಲೈನ್ ಆಟಕ್ಕೆ ಲೈಸೆನ್ಸ್ ಕೊಡುವ ಕಾಯ್ದೆ ಮಾಡಿತು. ನಾಗಾಲ್ಯಾಂಡ್ 2016ರಲ್ಲಿ ಜಾಣ್ಮೆಯ ಆಟಗಳಿಗೆ ಮಾಡಿತು. ಅಂಥ ಕಡೆ ಆ ಮಾತಿಗೆ ಅರ್ಥ ಇತ್ತು. ನಮ್ಮ 1963ರ ಪೊಲೀಸ್ ಕಾಯ್ದೆಗೆ ಗೊತ್ತಿದ್ದದ್ದು ಇಸ್ಪೀಟ್ ಅಡ್ಡೆ. ಕಿಸೆಯಲ್ಲಿರುವ ಅಡ್ಡೆಯನ್ನು ಹಿಡಿಯಲು 2021ರಲ್ಲಿ ತಿದ್ದುಪಡಿ ತಂದರು. ಜಾಣ್ಮೆಯ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಗೂಟಕ್ಕೆ ಕಟ್ಟಿದ್ದರು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಪಾಸಾದ ಕೇಂದ್ರದ ಕಾಯ್ದೆಗೆ ಆ ಭೇದವೇ ಬೇಡ. ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟ ಯಾವುದಾದರೂ ನಿಷೇಧ.

ಇನ್ನೊಂದು. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಮೂರು ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರೀ ಆಡಿದವನಿಗೆ ಶಿಕ್ಷೆ ಹೇಳಿಲ್ಲ. ಕನ್ನಡದಲ್ಲಿ ‘ಆಡು’ ಪದಕ್ಕೆ ಒಂದು ‘ಇಸು’ ಹಚ್ಚಿ ‘ಆಡಿಸು’ ಅಂದರೆ ಈ ವ್ಯತ್ಯಾಸ ಬರುತ್ತದೆ. ನಿಮ್ಮ ‘ಕ್ರೀಡೆ’ಯಲ್ಲಿ ಅದು ಸತ್ತೇ ಹೋಯಿತು.

ಗದಗದಿಂದ:
ರೊಕ್ಕವೂ ಎರವಲು. ಮರಾಠಿಯ ‘ರೋಖ’ ನೋಡಿ. ಹಣ ಅನ್ನಿ.

ಹಾವೇರಿಯಿಂದ:
ಹಣ ಯಾವುದರಿಂದ ಬಂತು ಸರ್? ಪಣದಿಂದ. ಜೂಜಿಗೆ ಒಡ್ಡುವುದೂ ಪಣವೇ. ಎರವಲು ಬೇಡ ಅನ್ನುವವರು ಮೊದಲು ಕಿಸೆ ಖಾಲಿ ಮಾಡಿ.

ಗದಗದಿಂದ:
ವ್ಯಂಗ್ಯ ವಾದವಲ್ಲ.

ಧಾರವಾಡದಿಂದ:
ಬರೆಸಿದ್ದಾಯಿತು: ‘ರೊಕ್ಕ ಹಚ್ಚಿ ಆನ್‌ಲೈನ್ ಆಟ ಆಡಬೇಡಿ. ಆಡಿಸುವುದು ಅಪರಾಧ.’ ಎರಡೇ ಸಾಲು, ಪೇಂಟರ್ ಐವತ್ತು ರೂಪಾಯಿ ಬಿಟ್ಟ. ಗದಗದ ಹಿರಿಯರು ‘ಬೋರ್ಡು’ ಪದದ ಮೇಲೆ ಉತ್ತರ ಬರೆಯಬೇಡಿ, ದಯವಿಟ್ಟು.