ಪದಚರ್ಚೆ: ಕರಿಬೇವಿನ ‘ಒಂದು ಎಸಳು’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಗಿಡ ಗುರುತಿಸುವುದು, ವರ್ಗೀಕರಣ ಮಾಡುವುದು ನಮಗೆ ಪಾಠ. ಹೋದ ವಾರ ಜೋಗಿಮಟ್ಟಿ ಕಾಡಿಗೆ ಹೋಗಿದ್ದೆವು. ಮೇಡಂ ಒಂದು ತಂಗಡಿ ರೆಂಬೆ ತೋರಿಸಿ “ಇದರಲ್ಲಿ ಎಷ್ಟು ಎಲೆ ಇದೆ?” ಅಂದರು. ನಾವು ಎಣಿಸಿ ನೂರಕ್ಕೂ ಜಾಸ್ತಿ ಹೇಳಿದೆವು. ಇದ್ದದ್ದು ಆರೇ ಎಲೆ!

ತಂಗಡಿಯದು ಸಂಯುಕ್ತ ಎಲೆ. ಕಡ್ಡಿಯ ಎರಡೂ ಕಡೆ ಜೋಡಿ ಜೋಡಿಯಾಗಿ ಕೂತಿರುವವು ಕಿರುಎಲೆಗಳು. ಕಡ್ಡಿ ಸಮೇತ ಅಷ್ಟೂ ಸೇರಿದರೆ ಒಂದು ಎಲೆ. ಗೊತ್ತುಮಾಡುವುದು ಸುಲಭ. ಎಲೆ ರೆಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಇದನ್ನು ತಪ್ಪಿದರೆ ಮುಂದೆ ಗಿಡದ ಕುಟುಂಬ ಹುಡುಕುವುದೂ ದಾರಿ ತಪ್ಪುತ್ತದೆ.

ಮನೆಗೆ ಬಂದ ಮೇಲೆ ತಲೆಯಲ್ಲಿ ಇದೇ ಓಡುತ್ತಿತ್ತು. ಅವ್ವ ಒಗ್ಗರಣೆಗೆ “ಎರಡು ಎಸಳು ಕರಿಬೇವು ಕಿತ್ಕೊಂಡು ಬಾ” ಅಂದರು. ನಾನು ಯಾವತ್ತಿನಂತೆ ಎರಡು ಕಡ್ಡಿ ತಂದೆ. ಒಂದೊಂದರಲ್ಲೂ ಹದಿನೈದು ಹದಿನಾರು ಕಿರುಎಲೆ. ಅಂದರೆ ನಮ್ಮ ಮನೆಯ ‘ಎಸಳು’ ಸರಿಯಾಗಿ ಒಂದು ಸಂಯುಕ್ತ ಎಲೆ! ಪುಸ್ತಕ ಓದದೆಯೇ ಅವ್ವ ಸರಿಯಾಗಿ ಎಣಿಸುತ್ತಿದ್ದರಲ್ಲ ಅಂತ ಬಹಳ ಖುಷಿಯಾಯಿತು.

ಕ್ಲಾಸಿನಲ್ಲಿ ಹೇಳಿದರೆ ಹರಿಹರದ ಗೆಳತಿ ಒಪ್ಪಲಿಲ್ಲ. ಅವರ ಮನೆಯಲ್ಲಿ ಬಿಡಿಸಿ ಹಾಕುವ ಒಂದೊಂದು ಚಿಕ್ಕ ಎಲೆಯೇ ಎಸಳು. ಇಡೀದಕ್ಕೆ ಅವರು ‘ಕಡ್ಡಿ’ ಅನ್ನುತ್ತಾರೆ. ಹೂವಿನ ಎಸಳು ಅಂದರೆ ಹೂವಿನ ಒಂದು ಭಾಗ ತಾನೆ, ಹಾಗೆಯೇ ಇದೂ ಎಲೆಯ ಒಂದು ಭಾಗ ಅಂತ ಅವಳ ವಾದ. ಅದೂ ಸರಿ ಅನ್ನಿಸುತ್ತದೆ.

ಬೆಳ್ಳುಳ್ಳಿ ಎಸಳನ್ನು ತಂದರೆ ಇನ್ನೂ ಗೋಜಲು. ಅದು ಹೂವಿನ ದಳವೂ ಅಲ್ಲ, ಬರೀ ಎಲೆಯೂ ಅಲ್ಲ, ಒಂದು ಮೊಗ್ಗು. ನೆಟ್ಟರೆ ಗಿಡವೇ ಬರುತ್ತದೆ. ಒಂದೇ ಮಾತು ಇಷ್ಟಕ್ಕೆಲ್ಲ ಹೇಗೆ ಬಂತು? ದೊಡ್ಡದರಿಂದ ಬಿಡಿಸಿಕೊಳ್ಳುವಂಥದ್ದು ಎಸಳು ಅಂತ ನನ್ನ ಊಹೆ.

ಬಿಲ್ವದಲ್ಲಿ ಮಾತ್ರ ಈ ತೊಂದರೆ ಇಲ್ಲ. ಮೂರು ದಳ ಸೇರಿ ಒಂದು ಪತ್ರೆ. ಪತ್ರೆ ಎಂದರೆ ಎಲೆ, ದಳ ಎಂದರೆ ಕಿರುಎಲೆ. ಪೂಜೆಗೆ ಕೀಳುವವರೆಲ್ಲ ಹೀಗೇ ಎಣಿಸುತ್ತಾರೆ. (ಬಿಲ್ವ, ಕರಿಬೇವು, ನಿಂಬೆ ಮೂರೂ ಒಂದೇ ಕುಟುಂಬ, ರೂಟೇಸಿ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಎಣ್ಣೆಯ ಚುಕ್ಕೆಗಳು ಕಾಣುತ್ತವೆ.) ತೆಂಗಿನ ‘ಗರಿ’ಯಲ್ಲಿ ಮತ್ತೆ ಅದೇ ಗೊಂದಲ. ಕೆಲವರು ಇಡೀ ಎಲೆಗೆ ಗರಿ ಅನ್ನುತ್ತಾರೆ, ಕೆಲವರು ಅದರ ಒಂದೊಂದು ಸೀಳಿಗೆ.

ಇಷ್ಟು ತಿಳಿಸುತ್ತೀರಾ? ನಿಮ್ಮ ಕಡೆ ‘ಒಂದು ಎಸಳು ಕರಿಬೇವು’ ಅಂದರೆ ಇಡೀ ಕಡ್ಡಿಯೋ, ಒಂದು ಚಿಕ್ಕ ಎಲೆಯೋ? ಬೇವು, ಹುಣಸೆಗೂ ಎಸಳು ಅನ್ನುತ್ತೀರಾ? ನುಗ್ಗೆ ಎಲೆ ಎರಡು ಮೂರು ಸಲ ಕವಲೊಡೆಯುತ್ತದಲ್ಲ, ಅದರ ಒಂದು ಪೂರ್ತಿ ಎಲೆಗೆ ಏನಾದರೂ ಹೆಸರಿದೆಯಾ? ಊರಿನ ಹೆಸರನ್ನೂ ಬರೆಯಿರಿ. ಸೆಮಿನಾರ್‌ನಲ್ಲಿ ‘ಸಂಯುಕ್ತ ಪರ್ಣ’ ಅನ್ನುವ ಬದಲು ನಮ್ಮ ಅಡುಗೆಮನೆಯ ಮಾತನ್ನೇ ಹೇಳಬೇಕು ಅಂತ ನನಗೆ ಆಸೆ.