ಕಮಲಾ ಭತ್ತ ನಮ್ಮ ಭದ್ರಾ ನಾಲೆಗೆ ಬೇಕಾ?

ಹರಿಹರದ ಗದ್ದೆ: ಸಾಂಬಾ ಮಸೂರಿಯ ಒಂದು ಜೀನ್ ತಿದ್ದಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು 'ಕಮಲಾ' ಅನ್ನೋ ತಳಿ ಮಾಡಿದ್ದಾರೆ. 2025ರ ಮೇ ತಿಂಗಳಲ್ಲಿ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಘೋಷಿಸಿದರು. ಇಳುವರಿ ಶೇ 19 ಜಾಸ್ತಿ, 20 ದಿನ ಮೊದಲೇ ಕೊಯ್ಲು ಅಂತೆ. ನಾಲೆಯ ಕೊನೆಯಲ್ಲಿರೋ ನಮಗೆ 20 ದಿನದ ನೀರು ಅಂದರೆ ಸುಮ್ನೇನಾ?

ಚಳ್ಳಕೆರೆ ಶೇಂಗಾ: 'ಜೀನ್ ತಿದ್ದಿ' ಅಂತ ನೀವೇ ಬರೆದಿದ್ದೀರಿ. ಅಂದರೆ ಕುಲಾಂತರಿ. 2002ರಲ್ಲಿ ಬಿಟಿ ಹತ್ತಿ ಬಂದಾಗಲೂ ಹೀಗೇ ಆಸೆ ತೋರಿಸಿದ್ದರು. ಗುಲಾಬಿ ಕಾಯಿಕೊರಕ ವಾಪಸ್ ಬಂತಲ್ಲ? ನಮ್ಮಪ್ಪ ಕಾಯಿ ಒಡೆದು ತೋರಿಸಿದ್ದು ಇನ್ನೂ ಕಣ್ಣಲ್ಲಿದೆ. ಒಳಗೆ ಹುಳ, ಅರಳೆಯೆಲ್ಲ ಕಂದು.

ಲ್ಯಾಬ್ ಹುಡುಗಿ: ಕುಲಾಂತರಿ ಅಲ್ಲ ಅಣ್ಣ. ಬಿಟಿಗೆ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ತಂದು ಸೇರಿಸಿದ್ದರು. ಇದರಲ್ಲಿ ಹೊರಗಿನ ಜೀನ್ ಇಲ್ಲ. ಸೈಟೋಕೈನಿನ್ ಅನ್ನೋ ಹಾರ್ಮೋನನ್ನು ಒಡೆದುಹಾಕೋ ಕಿಣ್ವ ಭತ್ತದಲ್ಲೇ ಇದೆ. ಅದರ ಜೀನನ್ನು ಕ್ರಿಸ್ಪರ್ ಕತ್ತರಿಯಿಂದ, ಅಂದರೆ ಜೀನನ್ನು ಬೇಕಾದ ಜಾಗದಲ್ಲಿ ಕತ್ತರಿಸೋ ತಂತ್ರದಿಂದ, ಕೆಡಿಸಿದ್ದಾರೆ. ಹಾರ್ಮೋನು ಉಳಿಯುತ್ತದೆ, ತೆನೆಗೆ ಕಾಳು ಜಾಸ್ತಿ. ಅದಕ್ಕೇ 2022ರಲ್ಲಿ ಸರ್ಕಾರ ಇಂಥವನ್ನು ಕುಲಾಂತರಿ ನಿಯಮದಿಂದ ಹೊರಗಿಟ್ಟಿದ್ದು. ನಾವು ದಿನಾ ಉಣ್ಣೋ ಸೋನಾ ಮಸೂರಿನೇ ಇದು, ಭಯ ಯಾಕೆ?

ಮಿಲ್ ಮಾವ: ತಡಿಯಮ್ಮ. ಸೋನಾ ಮಸೂರಿ ಬೇರೆ, ಸಾಂಬಾ ಮಸೂರಿ ಬೇರೆ. ಸಾಂಬಾ ಅಂದರೆ ಬಿಪಿಟಿ 5204. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಂದಿದ್ದು.

ಹರಿಹರದ ಗದ್ದೆ: ನಿಮ್ಮಂಥೋರೇ ಅಲ್ವಾ ಮಾವ, ಬಿಪಿಟಿ ತುಂಬಿ ಚೀಲದ ಮೇಲೆ ಸೋನಾ ಮಸೂರಿ ಅಂತ ಹಾಕೋದು?

ಮಿಲ್ ಮಾವ: 'ನಿಮ್ಮಂಥೋರು' ಅಂದರೆ ಯಾರಪ್ಪ? ನಲವತ್ತು ವರ್ಷದಿಂದ ಅಕ್ಕಿ ನೋಡ್ತಿದ್ದೇನೆ. ಸೋನಾ ಅನ್ನೋ ತಳಿ, ಮಸೂರಿ ಅನ್ನೋ ತಳಿ, ಎರಡನ್ನೂ ಕೂಡಿಸಿದ್ದು ಸೋನಾ ಮಸೂರಿ. ಅಂಗೈಯಲ್ಲಿ ಹಾಕಿ ಉಜ್ಜಿ ನೋಡು, ಗೊತ್ತಾಗುತ್ತೆ.

ಹರಿಹರದ ಗದ್ದೆ: ಉಜ್ಜಿದರೆ ಗೊತ್ತಾಗೋ ಹಾಗಿದ್ದರೆ ಚೀಲದ ಮೇಲೆ ಸರಿಯಾದ ಹೆಸರು ಬರೆಯೋಕೆ ಏನು ಕಷ್ಟ?

ಬೆಣ್ಣೆ ದೋಸೆ: ಅದೆಲ್ಲ ಬಿಡಿ. ಕಮಲಾದಿಂದ ಮಂಡಕ್ಕಿ ಆಗುತ್ತಾ?

ಮಿಲ್ ಮಾವ: ಮಂಡಕ್ಕಿಗೆ ಸಣ್ಣ ಭತ್ತ ಯಾರು ಹಾಕ್ತಾರೆ? ದಾವಣಗೆರೆಯವನು ಅಂತ ಬೇರೆ ಹೇಳ್ಕೋತೀಯ.

ಬೆಣ್ಣೆ ದೋಸೆ: ಕೇಳಿದ್ದೂ ತಪ್ಪಾ ಮಾರಾಯ್ರೇ!

ಚಳ್ಳಕೆರೆ ಶೇಂಗಾ: ನೀವು ಮಂಡಕ್ಕಿ ತಿನ್ನುತ್ತಾ ಕೂತಿರಿ. 'ಕ್ರಿಸ್ಪರ್ ಕತ್ತರಿ' ಅಂದಳಲ್ಲ, ಆ ಕತ್ತರಿಗೆ ಹೊರದೇಶದವರ ಪೇಟೆಂಟ್ ಇದೆ. ನಾಳೆ ಬೀಜಕ್ಕೆ ರೇಟ್ ಕಟ್ಟೋರು ಯಾರು? ಆ ಶೇ 19 ಕೂಡ ತಳಿ ಮಾಡಿದವರೇ ಹೇಳಿದ ಲೆಕ್ಕ.

ಲ್ಯಾಬ್ ಹುಡುಗಿ: 'ಹೊರದೇಶದವರು' ಅಂತ ಹಂಗಿಸಬೇಡಿ. ಆ ಕತ್ತರಿ ಕಂಡುಹಿಡಿದಿದ್ದಕ್ಕೇ 2020ರಲ್ಲಿ ವಿಜ್ಞಾನಿಗಳಾದ ಶಾರ್ಪೆಂಟಿಯೇ, ಡೌಡ್ನಾ ಇಬ್ಬರಿಗೂ ನೊಬೆಲ್ ಬಂದಿದ್ದು. ಅದೇ ಕತ್ತರಿ ಬಳಸಿ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಗೆ ಮಾಡಿದ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕ ಎರಡೂ ಒಪ್ಪಿಗೆ ಕೊಟ್ಟವು. ಅದೂ ಬೇಡವಾ?

ಚಳ್ಳಕೆರೆ ಶೇಂಗಾ: ನಾನು ಕೇಳಿದ್ದು ಬೀಜದ ರೇಟು. ನೀನು ನೊಬೆಲ್ ಹೇಳ್ತೀಯ.

ಲ್ಯಾಬ್ ಹುಡುಗಿ: ನೀವು ಹತ್ತಿಯ ಹುಳ ತಂದು ಭತ್ತಕ್ಕೆ ಬಿಟ್ಟಿರಲ್ಲ, ಅದು?

ಹರಿಹರದ ಗದ್ದೆ: ಪೇಟೆಂಟ್ ಪ್ರಶ್ನೆ ಇರಬಹುದು. ಆದರೆ ಬೇಸಿಗೆ ಬೆಳೆಗೆ ನೀರು ಬಿಡೋ ಹೊತ್ತಲ್ಲಿ ನಮ್ಮ ತೂಬಿನ ಹತ್ತಿರ ಒಂದು ರಾತ್ರಿ ಕಾಯಿರಿ. ಆಮೇಲೆ ಮಾತಾಡೋಣ.

ಚಳ್ಳಕೆರೆ ಶೇಂಗಾ: ನಾಲೆಯೇ ಕಾಣದವರು ನಾವು. ನಮಗೆ ಕಾಯೋದು ಕಲಿಸಬೇಡಿ.

ಮಿಲ್ ಮಾವ: ಸೋನಾ ಬೇರೆ, ಸಾಂಬಾ ಬೇರೆ ಅಂತ ಆ ಹುಡುಗಿ ಇನ್ನೂ ಒಪ್ಪಿಲ್ಲ. ಬೆಳಿಗ್ಗೆ ಎರಡು ಚೀಲದಿಂದಲೂ ಒಂದೊಂದು ಹಿಡಿ ತೆಗೆದು ಫೋಟೋ ಹಾಕ್ತೇನೆ.

ಹರಿಹರದ ಗದ್ದೆ: ಚೀಲದ ಮೇಲಿನ ಹೆಸರೂ ಕಾಣೋ ಹಾಗೆ ತೆಗೀರಿ ಮಾವ.