ಬೋಲ್ಟ್ ಬಿಗಿಯುವವರಿಗೆ ಮಣಿಕಟ್ಟು ನೋವು: ಹಗುರ ಟೂಲ್ ತಂದರೆ ಸಾಕೆ?

ಪ್ರಶ್ನೆ: ಸರ್, ನಮ್ಮದು ಪೀಣ್ಯದಲ್ಲಿ ಪಂಪ್ ಅಸೆಂಬ್ಲಿ. ಮೇಲ್ಮುಖವಾಗಿರುವ ಫ್ಲಾಂಜ್‌ಗೆ ಎಂಟು ಎಂ6 ಬೋಲ್ಟ್, 10 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ), ಕೆಳಗೆ ರಬ್ಬರ್ ಗ್ಯಾಸ್ಕೆಟ್. ನಿಗದಿತ ಟಾರ್ಕ್ ಮುಟ್ಟಿದಾಗ ತಾನೇ ಬಿಡುವ ಕ್ಲಚ್ ಇರುವ ಪಿಸ್ತೂಲ್ ಹಿಡಿಯ ಏರ್ ಟೂಲ್ ಬಳಸುತ್ತೇವೆ. ಫ್ಲಾಂಜ್ ನೆಲದಿಂದ 1150 ಮಿ.ಮೀ. ಎತ್ತರದಲ್ಲಿದೆ. ಹುಡುಗರಿಗೆ ಮಣಿಕಟ್ಟು, ಭುಜ ಎರಡೂ ನೋವು. ಇನ್ನೂ ಹಗುರವಾದ ಟೂಲ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಹಗುರ ಟೂಲ್ ಭುಜಕ್ಕೆ ಸ್ವಲ್ಪ ಆರಾಮ ಕೊಡಬಹುದು, ಮಣಿಕಟ್ಟಿಗೆ ಹೆಚ್ಚು ಕೆಟ್ಟದ್ದು. ಟಾರ್ಕ್ ಅಷ್ಟೇ ಇದ್ದು ತೂಕ ಇಳಿದರೆ ಬೋಲ್ಟ್ ಬಿಗಿಯಾಗುವಾಗಿನ ಕೊನೆಯ ಜರ್ಕ್ ತಡೆಯುವ ಜಡತ್ವ ಟೂಲ್‌ನಲ್ಲಿ ಉಳಿಯುವುದಿಲ್ಲ, ಅದನ್ನೆಲ್ಲ ಕೈಯೇ ತಡೆಯಬೇಕು.

ಲೆಕ್ಕ ನೋಡಿ. ಸ್ಪಿಂಡಲ್ (ಬೋಲ್ಟನ್ನು ತಿರುಗಿಸುವ ದಂಡ) ಅಕ್ಷದಿಂದ ಅಂಗೈ ನಡುವಿಗೆ ಸುಮಾರು 100 ಮಿ.ಮೀ. 10 ನ್ಯೂಟನ್ ಮೀಟರ್‌ಗೆ ಕೈಮೇಲೆ ಬೀಳುವುದು 100 ನ್ಯೂಟನ್, ಅಂದರೆ 10 ಕೆ.ಜಿ. ಎಳೆತ. ಲೋಹಕ್ಕೆ ಲೋಹ ಕೂರುವ ಜಾಯಿಂಟ್‌ನಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಿಮ್ಮದು ಗ್ಯಾಸ್ಕೆಟ್ ಜಾಯಿಂಟ್. ಟಾರ್ಕ್ ನಿಧಾನವಾಗಿ ಏರುತ್ತದೆ, ಅಷ್ಟು ಹೊತ್ತೂ ಮಣಿಕಟ್ಟು ತಿರುಚಿಕೊಂಡೇ ಇರುತ್ತದೆ.

ಮೊದಲು ನೋಡಬೇಕಾದದ್ದು ಬೋಲ್ಟ್‌ನ ದಿಕ್ಕು. ಪಿಸ್ತೂಲ್ ಹಿಡಿ ಇರುವುದು ಗೋಡೆಗೆ ಸ್ಕ್ರೂ ಹಾಕುವ ಹಾಗೆ ಎದುರು ದಿಕ್ಕಿನ ಕೆಲಸಕ್ಕೆ. ಅದನ್ನು ಕೆಳಮುಖ ಮಾಡಿ 1150ರ ಮೇಲೆ ಇಟ್ಟರೆ ಟೂಲ್, ಸಾಕೆಟ್ ಸೇರಿ ಕೈ ಹತ್ತಿರಹತ್ತಿರ ಭುಜದ ಮಟ್ಟಕ್ಕೆ ಹೋಗುತ್ತದೆ. ಪಂಪ್ ಹಿಡಿದಿಡುವ ಫಿಕ್ಸ್ಚರ್‌ಗೆ ಒಂದು ಪಿವಟ್, ಒಂದು ಲಾಕ್ ಪಿನ್ ಕೊಟ್ಟು ಪಂಪನ್ನು 90 ಡಿಗ್ರಿ ವಾಲಿಸಿ, ಬೋಲ್ಟ್‌ಗಳು ಮೊಣಕೈ ಎತ್ತರಕ್ಕೆ ಬರಲಿ. ಹೊಸ ಟೂಲೇ ಬೇಡವಾಗಬಹುದು.

ವಾಲಿಸಲು ಆಗದಿದ್ದರೆ ಮೇಜು ತಗ್ಗಿಸಿ, ಆ್ಯಂಗಲ್ ನಟ್‌ರನ್ನರ್ (ತಲೆ ಅಡ್ಡಕ್ಕೆ ತಿರುಗಿದ, ಉದ್ದ ಹಿಡಿಯ ಟೂಲ್) ಹಾಕಿ. ಅದರ ಹಿಡಿ ಸ್ಪಿಂಡಲ್‌ನಿಂದ 300 ಮಿ.ಮೀ. ದೂರ ಇದ್ದರೆ ಅದೇ ಟಾರ್ಕ್‌ಗೆ ಕೈಮೇಲೆ 33 ನ್ಯೂಟನ್ ಮಾತ್ರ. ನೇರ ಟೂಲ್ (ಹಿಡಿ, ಸ್ಪಿಂಡಲ್ ಒಂದೇ ಸಾಲಿನಲ್ಲಿರುವುದು) ಬೇಕೆಂದರೆ ಟಾರ್ಕ್ ಆರ್ಮ್ (ಎಳೆತವನ್ನು ಕೈಗೆ ಬದಲು ತಾನೇ ಹೊರುವ ತೋಳು) ಕಡ್ಡಾಯ. ಆರ್ಮ್ ಯಾವಾಗ ಬೇಕು ಎನ್ನುವುದಕ್ಕೆ ಬಳಕೆಯಲ್ಲಿರುವ ಮಿತಿ: ನೇರ ಟೂಲ್‌ಗೆ 4, ಪಿಸ್ತೂಲ್‌ಗೆ 10, ಆ್ಯಂಗಲ್‌ಗೆ 60 ನ್ಯೂಟನ್ ಮೀಟರ್ ದಾಟಿದರೆ. ಕೈ ವಕ್ರವಾಗಿದ್ದರೆ ನಾನು ಈ ಮಿತಿಯನ್ನೂ ನಂಬುವುದಿಲ್ಲ.

ಮರುಪ್ರಶ್ನೆ: ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಎಲ್ಲ ಸ್ಟೇಷನ್ ಓಡುವಾಗ ಜರ್ಕ್ ಜಾಸ್ತಿ ಅನ್ನುತ್ತಾರೆ. ಯಾಕೆ?

ಉತ್ತರ: ಗಾಳಿ ಒತ್ತಡ ಬೀಳುತ್ತಿದೆ. ಒತ್ತಡ ಕಡಿಮೆಯಾದರೆ ಟೂಲ್ ಕ್ಲಚ್ ಬಿಡುವ ಟಾರ್ಕ್‌ಗೆ ಮುಟ್ಟದೆ ಸ್ಟಾಲ್ ಆಗುತ್ತದೆ, ಅಂದರೆ ಒತ್ತುತ್ತಲೇ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಬಿಡುವವರೆಗೂ ಆ ಎಳೆತವನ್ನು ಕೈಯೇ ಹೊರಬೇಕು. ಟೂಲ್ ಓಡುತ್ತಿರುವಾಗಲೇ ಅದರ ಇನ್‌ಲೆಟ್ ಹತ್ತಿರ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಗೇಜ್ ನೋಡಿ, 6.3 ಬಾರ್ ಇರಬೇಕು. ನಿಂತಾಗ ನೋಡಿದ ಅಂಕಿ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಸಿಗುವ ಕಳ್ಳರು: ಕಿರಿದಾದ ಹೋಸ್, ಒಂದರ ಹಿಂದೊಂದು ಕ್ವಿಕ್ ಕಪ್ಲಿಂಗ್, ಕಟ್ಟಿಕೊಂಡ ಫಿಲ್ಟರ್.

ಇನ್ನೊಬ್ಬರ ಪ್ರಶ್ನೆ: ಬಡಿದು ಬಡಿದು ಬಿಗಿಯುವ ಇಂಪ್ಯಾಕ್ಟ್ ರೆಂಚ್‌ನಲ್ಲಿ ಜರ್ಕೇ ಇಲ್ಲವಲ್ಲ ಸರ್, ಅದನ್ನೇ ಹಾಕಿದರೆ?

ಉತ್ತರ: ಜರ್ಕ್ ಹೋಗಿ ಕಂಪನ ಬರುತ್ತದೆ. ಯುರೋಪಿನ 2002ರ ನಿರ್ದೇಶನದಲ್ಲಿ ಕೈಗೆ ತಗಲುವ ಕಂಪನದ 8 ಗಂಟೆಯ ಸರಾಸರಿ 2.5 ಮೀ/ಸೆ² ಮುಟ್ಟಿದರೆ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. 10 ಮೀ/ಸೆ² ಕಂಪಿಸುವ ಟೂಲ್ ಅರ್ಧ ಗಂಟೆಯಲ್ಲಿ 2.5 ಮುಟ್ಟಿಸುತ್ತದೆ. ಬೋಲ್ಟ್‌ಗೆ 3 ಸೆಕೆಂಡ್ ಎಂದರೆ ಪಂಪ್‌ಗೆ 24 ಸೆಕೆಂಡ್. 75 ಪಂಪ್‌ಗೆ ಅರ್ಧ ಗಂಟೆ ಮುಗಿಯಿತು. ಟಾರ್ಕ್ ಕೂಡ ನೆಚ್ಚುವಂತಿಲ್ಲ, ಗ್ಯಾಸ್ಕೆಟ್ ಹಿಂಡಿಹೋಗುತ್ತದೆ. ಶಟ್-ಆಫ್ (ಟಾರ್ಕ್ ಮುಟ್ಟಿದಾಗ ತಾನೇ ನಿಲ್ಲುವ ಏರ್ಪಾಡು) ಇರುವ ಆಯಿಲ್ ಪಲ್ಸ್ ಟೂಲ್, ಅಂದರೆ ಎಣ್ಣೆಯ ಮೂಲಕ ಬಡಿತ ಕೊಡುವುದು, ಬೇರೆ ಮಾತು. ಆದರೆ ಮೆತ್ತಗಿನ ಜಾಯಿಂಟ್‌ನಲ್ಲಿ ಅದು ಬಹಳ ಹೊತ್ತು ಬಡಿಯುತ್ತಿರುತ್ತದೆ, ನಿಮ್ಮ ಗ್ಯಾಸ್ಕೆಟ್ ಮೇಲೆ ಹಾಕಿ ನೋಡದೆ ಕೊಳ್ಳಬೇಡಿ.

ಮರುಪ್ರಶ್ನೆ: ಟೂಲನ್ನು ಮೇಲಿಂದ ತೂಗುಹಾಕುವ ಸ್ಪ್ರಿಂಗ್ ಬ್ಯಾಲೆನ್ಸರ್ ಹಾಕಿದ್ದೇವೆ, ಆದರೂ ಭುಜ ನೋವು.

ಉತ್ತರ: ಬಹುಶಃ ಸ್ಪ್ರಿಂಗ್ ಹೆಚ್ಚು ಬಿಗಿಯಾಗಿದೆ, ದಿನವಿಡೀ ಕೆಳಗೆಳೆಯುತ್ತಿದ್ದಾರೆ. ಟೂಲ್, ಸಾಕೆಟ್, ತೂಗಾಡುವ ಹೋಸ್ ಸೇರಿದ ತೂಕ ಬ್ಯಾಲೆನ್ಸರ್‌ನ ಶ್ರೇಣಿಯ ನಡುವೆ ಬರಬೇಕು. ಕೆಲಸದ ಎತ್ತರದಲ್ಲಿ ಕೈ ಬಿಟ್ಟರೆ ನಿಲ್ಲಬೇಕು, ಇಲ್ಲವೇ ಮೆಲ್ಲಗೆ ಏರಬೇಕು. ಸೇಫ್ಟಿ ಚೈನನ್ನು ಬ್ಯಾಲೆನ್ಸರ್‌ನ ಹುಕ್ಕಿಗೇ ಸಿಕ್ಕಿಸುವವರಿದ್ದಾರೆ. ಅದನ್ನು ಬೇರೆಯಾಗಿ ಬೀಮ್‌ಗೆ ಕಟ್ಟಿ. ಸ್ಪ್ರಿಂಗ್ ಸಡಿಲಿಸದೆ ಟೂಲ್ ಬಿಚ್ಚಿದರೆ ಹುಕ್ಕು ಮುಖಕ್ಕೇ ಹಾರುತ್ತದೆ.

ಇನ್ನೊಬ್ಬರ ಪ್ರಶ್ನೆ: ಹೆಣ್ಣುಮಕ್ಕಳ ಲೈನ್‌ನಲ್ಲಿ ಹಿಡಿಗೆ ರಬ್ಬರ್ ಸುತ್ತಬಹುದೇ?

ಉತ್ತರ: ಹಿಡಿಯ ವ್ಯಾಸ 35ರಿಂದ 40 ಮಿ.ಮೀ. ಒಳಗೆ ಉಳಿದರೆ ಮಾತ್ರ. ಸುತ್ತಿ ದಪ್ಪವಾದರೆ ಬೆರಳು ಟ್ರಿಗರ್‌ಗೆ ಎಟುಕದೆ ತುದಿಯಿಂದ ಒತ್ತುತ್ತಾರೆ. ಎರಡು ಬೆರಳಿನ ಉದ್ದ ಟ್ರಿಗರ್ ಇರುವ ಮಾದರಿ ಕೇಳಿ. ಎಕ್ಸಾಸ್ಟ್‌ನ ತಣ್ಣನೆ ಗಾಳಿ ಕೈಮೇಲೆ ಬೀಳದ ಹಾಗೆ ಡಿಫ್ಲೆಕ್ಟರನ್ನೂ ತಿರುಗಿಸಿಡಿ.